ಒಂದು ಚಮಚ ಜೇನುತುಪ್ಪ

ಯಲಹಂಕದ ಕಾಲೇಜಿನಲ್ಲಿ ಪ್ರಾಜೆಕ್ಟ್ ಬರೆಯುವ ಹುಡುಗಿಯರಿಗೆ ನಾನು ಹೇಳಿ ಹೇಳಿ ಸಾಕಾದ ಪಾಠ ಒಂದೇ: ಇಂಟರ್‌ನೆಟ್ಟಿನಲ್ಲಿ ಏನು ಕಂಡರೂ, ಬರೆದವರು ಯಾರು, ಯಾಕೆ ಬರೆದರು ಎಂದು ನೋಡದೆ ನಂಬಬೇಡಿ. ಆ ಬೆಳಿಗ್ಗೆ ಉದಾಹರಣೆಗೆಂದು ನನ್ನ ಫೋನಿನಲ್ಲಿ ತೆರೆದೇ ಇದ್ದ ಪುಟವೊಂದನ್ನು ಪರದೆಯ ಮೇಲೆ ಹಾಕಿದೆ. ಮಕ್ಕಳ ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು ಎನ್ನುವ ಪುಟ.

"ಬರೆದೋರ ಹೆಸರೇ ಇಲ್ಲ ಮ್ಯಾಮ್," ಎಂದಳು ಮುಂದಿನ ಬೆಂಚಿನವಳು. "ಕೆಳಗಡೆ ಅವ್ರದ್ದೇ ಜೇನುತುಪ್ಪ ಮಾರ್ತಿದಾರೆ."

ಅವಳ ಪಕ್ಕದವಳು ಮಕ್ಕಳ ಆಸ್ಪತ್ರೆಯೊಂದರ ಪುಟ ಹುಡುಕಿ ಗಟ್ಟಿಯಾಗಿ ಓದಿದಳು: ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು, ಜೀವಕ್ಕೇ ಅಪಾಯ.

ನಾನು ಮೇಜಿನ ಮೇಲಿದ್ದ ಫೋನ್ ಎತ್ತಿಕೊಂಡೆ. ಹಿಂದಿನ ಸಂಜೆ ಆರ್.ಟಿ. ನಗರದಲ್ಲಿ ನಮ್ಮ ಮೆಟ್ಟಿಲ ಹತ್ತಿರ ನಾವೆಲ್ಲ ಖಾಲಾ ಎಂದು ಕರೆಯುವ ಕೆಳಮನೆಯ ಅಜ್ಜಿ ಎಂಟು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದರು. "ಟೀಚರಮ್ಮ, ಕೆಮ್ಮು ನಿಲ್ತಾನೇ ಇಲ್ಲ. ಏನ್ ಕೊಡ್ಲಿ?" ನಾನು ಫೋನಿನಲ್ಲಿ ಇದೇ ಪುಟ ತೆರೆದು, "ಬೆಳಿಗ್ಗೆ ಒಂದು ಚಮಚ ಜೇನುತುಪ್ಪ ಕೊಡಿ ಖಾಲಾ" ಎಂದು ಮೆಟ್ಟಿಲು ಹತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಫೋನ್ ಮಾಡಿದೆ, ಖಾಲಾ ಎತ್ತಲಿಲ್ಲ. ಕ್ಲಾಸನ್ನು ಅಲ್ಲಿಗೇ ಬಿಟ್ಟು ಆಟೊ ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಅಲ್ಲಾಡದೆ ನಿಂತಿದ್ದವು.

"ಸ್ವಲ್ಪ ಬೇಗ ಹೋಗ್ರೀ."

"ಹೆಂಗ್ ಹೋಗ್ಲಿ ಮೇಡಂ, ಹಾರ್ಕೊಂಡಾ?"

ಮತ್ತೆ ಮತ್ತೆ ಫೋನ್ ಮಾಡಿದೆ. ಕಂಡಾಗಲೆಲ್ಲ ಆ ಕೂಸು ನನ್ನ ಕನ್ನಡಕ ಕಿತ್ತುಕೊಳ್ಳುತ್ತಿದ್ದುದು ನೆನಪಾಯಿತು. ಅಪ್ಪನ ಆಪರೇಷನ್ ದಿನವೂ ನಾನು ಅಷ್ಟು ಹೆದರಿರಲಿಲ್ಲ. ಅಪ್ಪನ ಕಾಯಿಲೆಗೆ ನಾನು ಕಾರಣಳಾಗಿರಲಿಲ್ಲ.

ಕೆಳಮನೆಗೆ ಬೀಗ ಹಾಕಿತ್ತು. ಬೆಳಿಗ್ಗೆ ಅವಸರವಾಗಿ ಆಸ್ಪತ್ರೆಗೆ ಹೋದರು ಎಂದರು ಎದುರುಮನೆಯವರು. ಯಾವ ಆಸ್ಪತ್ರೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ಎಷ್ಟು ಹೊತ್ತು ಕುಳಿತಿದ್ದೆನೋ, ಗೇಟು ಕಿರ್ರೆಂದಿತು. ಖಾಲಾ, ಅವರ ಹೆಗಲ ಮೇಲೆ ಕೆಮ್ಮುತ್ತಿರುವ ಕೂಸು.

"ಜೇನು ಕೊಟ್ರಾ?" ಎಂದೆ.

"ಇಲ್ಲ ಟೀಚರಮ್ಮ, ಬೇಜಾರ್ ಮಾಡ್ಕೋಬೇಡಿ. ನಿನ್ನೆ ನೀವು ಮಗೂನ ಮುಖಾನೂ ನೋಡ್ಲಿಲ್ಲ, ಎಷ್ಟು ತಿಂಗ್ಳು ಅಂತಾನೂ ಕೇಳ್ಲಿಲ್ಲ. ಫೋನ್ ನೋಡ್ಕೊಂಡೇ ಹೇಳ್ಬಿಟ್ರಿ. ಅದಕ್ಕೇ ಡಾಕ್ಟರ್ ಹತ್ರ ಹೋಗ್ಬಂದೆ."

ಖಾಲಾಗೆ ಓದಲು ಬರುವುದಿಲ್ಲ. ಕೂಸು ನನ್ನ ಕನ್ನಡಕಕ್ಕೆ ಕೈ ಚಾಚಿತು. ಎತ್ತಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ, ಕನ್ನಡಕ ತೆಗೆದು ಅದರ ಕೈಗೆ ಕೊಟ್ಟೆ.