ಗಿರಣಿಯ ಭೋಂಗಾಕ್ಕೆ ಕೂಡಿಸಿದ ಶ್ರುತಿ

“ಬಸಣ್ಣನ ಕಿವಿ ಮಂದವಾಯಿತು. ಅವನ ಶ್ರುತಿ ಮೇಲಕ್ಕೆ ಜಾರಿತು. ಅವನ ಮನಸ್ಸು ನೋಯಬಾರದೆಂದು ಜೊತೆಗಾರರೆಲ್ಲ ತಮ್ಮ ವಾದ್ಯಗಳನ್ನು ಅವನ ತಪ್ಪಿಗೇ ಹೊಂದಿಸಿಕೊಂಡರು.”

ಶಹಾಪುರದಲ್ಲಿ ನಮ್ಮ ‘ಐದರ ಮೇಳ’ದ ಬಗ್ಗೆ ಯಾರನ್ನು ಕೇಳಿದರೂ ಈ ಕಥೆ ಸಿಗುತ್ತದೆ. ಚಹಾದಂಗಡಿಯಲ್ಲಿ ಸಿಗುತ್ತದೆ, ಬಸ್ ನಿಲ್ದಾಣದಲ್ಲಿ ಸಿಗುತ್ತದೆ, ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಹಿನ್ನೆಲೆ ಸಂಗೀತದ ಸಮೇತ ಸಿಗುತ್ತದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಸ್ನೇಹವೆಂದರೆ ಇದಪ್ಪ, ಎನ್ನುತ್ತಾರೆ.

ನನ್ನ ಕಣ್ಣು ಒದ್ದೆಯಾಗಲಿಲ್ಲ. ಸಿಟ್ಟು ಬಂತು.

ಕಥೆಯೊಂದು ಇಷ್ಟು ಚೆಂದವಾಗಿದ್ದರೆ, ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳುವುದು ನನ್ನ ಹಳೆಯ ಚಟ. (ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಉಳಿದದ್ದನ್ನು ಸುರಪುರದ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಓದಿಕೊಂಡೆ. ಯಾವ ಮೇಷ್ಟರೂ ಕಲಿಸದ ಕಾರಣ ಯಾವ ಮೇಷ್ಟರನ್ನೂ ನಂಬಬೇಕಾದ ಹಂಗಿಲ್ಲ.)

ಮೇಳದಲ್ಲಿ ನಾವು ಹನ್ನೊಂದು ಜನ. ಸಂಗೀತದಿಂದ ಹೊಟ್ಟೆ ಹೊರೆದವರು ಒಬ್ಬರೂ ಇಲ್ಲ. ಬಸಣ್ಣ ದರ್ಜಿ, ವಯಸ್ಸು ಎಪ್ಪತ್ತೆಂಟು, ಕ್ಲಾರಿನೆಟ್ ನುಡಿಸುತ್ತಾನೆ. ಶರಣಮ್ಮ ಬಳಿಚಕ್ರದ ಶಾಲೆಯಿಂದ ನಿವೃತ್ತರಾದ ಟೀಚರು; ಅವರದು ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ. ಮೇಳ ಹುಟ್ಟಿದಾಗಿನಿಂದ ಉಳಿದಿರುವವರು ಈ ಇಬ್ಬರೇ. ತಬಲಾದವರು ಕಕ್ಕೇರಾದಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ನಾನು ಪಿಟೀಲು, ಅದೂ ಹಿಂದಿನ ಸಾಲಿನಲ್ಲಿ. ಪ್ರತಿ ಭಾನುವಾರ ಸಂಜೆ, ಎಂದೋ ಮುಚ್ಚಿಹೋದ ಹತ್ತಿ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಸೇರುತ್ತೇವೆ.

ಅಲ್ಲಿ ಒಂದು ರೂಢಿಯಿದೆ. ಗಡಿಯಾರ ಐದು ತೋರಿಸಿದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಒಂದು ನಿಮಿಷ ಯಾರೂ ವಾದ್ಯ ಮುಟ್ಟುವುದಿಲ್ಲ. ಆಮೇಲೆ ಶರಣಮ್ಮ ಪೇಟಿಯ ಒಂದು ಮನೆ, ಅಂದರೆ ಕೀ, ಒತ್ತುತ್ತಾರೆ, ನಾವೆಲ್ಲ ಅದಕ್ಕೆ ಶ್ರುತಿ ಕೂಡಿಸುತ್ತೇವೆ. ನಾನು ಸೇರಿದ್ದು ಗಿರಣಿ ಮುಚ್ಚಿದ ಎಷ್ಟೋ ವರ್ಷಗಳ ಮೇಲೆ. ಆ ಒಂದು ನಿಮಿಷ ಪ್ರಾರ್ಥನೆಯೆಂದು ತಿಳಿದು, ಇಷ್ಟು ಕಾಲ ಕೈಮುಗಿದು ಕುಳಿತಿದ್ದೆ. (ಯಾರೂ ತಿದ್ದಲಿಲ್ಲ. ನೋಡಿ ನಗುತ್ತಿದ್ದರಂತೆ.)

ಈಗ ನಡೆದದ್ದನ್ನು ಹೇಳುತ್ತೇನೆ. ಯಾದಗಿರಿಯಲ್ಲೊಂದು ಕಾರ್ಯಕ್ರಮಕ್ಕೆ ನಮ್ಮನ್ನು ಕರೆಯಬೇಕೆಂದು ಅದರ ಸಂಚಾಲಕರು ಹೋದ ತಿಂಗಳು ಶೆಡ್ಡಿಗೆ ಬಂದರು. ಕೇಳಿದರು. ಮೊಬೈಲ್ ತೆಗೆದರು. ಅದರಲ್ಲಿ ಶ್ರುತಿ ಅಳೆಯುವ ಆ್ಯಪ್ ಇತ್ತು. ಮುಳ್ಳು ನಡುವೆ ನಿಲ್ಲದೆ ಬಲಕ್ಕೆ ವಾಲಿತು. ಅಂದರೆ ನಾವು ಚೂರು ಮೇಲಿದ್ದೆವು. ಸಂಚಾಲಕರ ದೃಷ್ಟಿ ಮುಳ್ಳಿನಿಂದ ನೇರವಾಗಿ ಬಸಣ್ಣನ ಕಿವಿಯಲ್ಲಿದ್ದ ಯಂತ್ರಕ್ಕೆ ಹೋಯಿತು. ತೀರ್ಪು ಅಲ್ಲಿಗೆ ಮುಗಿಯಿತು.

“ಹಿರಿಯರಿಗೆ ಸನ್ಮಾನ ಮಾಡ್ತೀವ್ರಿ. ಶಾಲು, ಹಾರ, ಎಲ್ಲಾ. ನುಡಿಸೋದು ಮಾತ್ರ ಬ್ಯಾಡ. ನಮ್ಮ ಕೀಬೋರ್ಡ್ ಜೋಡಿ ಕೂಡಂಗಿಲ್ಲ.”

“ನಮ್ಮ ಶ್ರುತಿ ಗಿರಣಿ ಭೋಂಗಾದ್ದು, ಸರ್. ಮೊದಲಿಂದ ಹಿಂಗೇ ಐತಿ,” ಎಂದರು ಶರಣಮ್ಮ. (ಭೋಂಗಾ ಎಂದರೆ ಪಾಳಿಯ ಸೈರನ್ನು.)

“ಭೋಂಗಾಕ್ಕ ಯಾರರ ಶ್ರುತಿ ಕೂಡಸ್ತಾರೇನ್ರಿ, ಟೀಚರ?” ಸಂಚಾಲಕರು ನಕ್ಕು ಎದ್ದರು.

ವಾರವಿಡೀ ಊರಿನ ಬಾಯಲ್ಲಿ ಆ ಕಥೆ. ಮುಂದಿನ ಭಾನುವಾರ ಬಸಣ್ಣನ ಕುರ್ಚಿ ಖಾಲಿ.

ಶರಣಮ್ಮ ಮತ್ತು ನಾನು ಅವನ ಮನೆಗೆ ಹೋದೆವು. ಕ್ಲಾರಿನೆಟ್ಟಿನ ಡಬ್ಬಿ ಹೊಲಿಗೆ ಯಂತ್ರದ ಕೆಳಗಿತ್ತು, ಅದರ ಮೇಲೆ ಬಟ್ಟೆಯ ಚೂರುಗಳ ಗಂಟು. ಬಸಣ್ಣ ತಲೆಯೆತ್ತದೆ ಕಾಜ ಹಾಕುತ್ತಿದ್ದ.

“ಶಾಲಿನ ಅಳತಿ ತೊಗೊಳ್ಳಾಕ ಬಂದೀರೇನು?” ಎಂದ.

“ಕರಕೊಂಡು ಹೋಗಾಕ ಬಂದೀವಿ. ಏಳು,” ಎಂದೆ.

“ಮಂದಿ ಅನ್ನೋದು ಖರೇ ಇರಬಹುದೋ ಮಾರಾಯ. ಭೋಂಗಾ ನಿಂತು ಎಷ್ಟ್ ವರ್ಷ ಆತು. ನನ್ನ ನೆನಪಿನ್ಯಾಗ ಅದು ಏರಿಕೋಂತ ಹೋಗಿರಬಹುದು. ನೀವು, ಪಾಪ, ನನ್ನ ಬೆನ್ನ ಹತ್ತೀರಿ.”

“ನಾನು? ನಿನ್ನ ಬೆನ್ನ?” ಶರಣಮ್ಮ ಚೀಲ ಕೆಳಗಿಟ್ಟರು. “ಲಯಾ ತಪ್ಪಿದಾಗೆಲ್ಲ ಮಂದಿ ಮುಂದ ನಿನ್ನ ಬೈದಾಕಿ ನಾನು. ಶ್ರುತಿ ತಪ್ಪಿದ್ರ ಬಿಡತಿದ್ನೇನು?”

ಭೋಂಗಾದ ಪೂರ್ತಿ ಸಂಗತಿ ನನಗೆ ತಿಳಿದದ್ದು ಆಗ. ಮೇಳ ಕಟ್ಟಿದವರೆಲ್ಲ ಆ ಗಿರಣಿಯ ಕೂಲಿಗಳು ಮತ್ತು ಅವರ ನೆರೆಯವರು. ಐದಕ್ಕೆ ಪಾಳಿ ಬಿಡುವಾಗ ಭೋಂಗಾ ಒಂದು ನಿಮಿಷ, ಅಲುಗದ ಒಂದೇ ಸ್ವರದಲ್ಲಿ, ಕೂಗುತ್ತಿತ್ತು. ಅದು ಕೂಗುವಾಗ ಬೇರೇನೂ ಕೇಳುತ್ತಿರಲಿಲ್ಲ. ಹಾಗಾಗಿ ಅದಕ್ಕೇ ತಂತಿ ಬಿಗಿದರು, ಅದಕ್ಕೇ ತಬಲಾ ಕೂಡಿಸಿದರು. ಗಿರಣಿ ಮುಚ್ಚಿತು, ನಿಮಿಷ ಉಳಿಯಿತು, ‘ಐದರ ಮೇಳ’ ಎಂಬ ಹೆಸರೂ ಉಳಿಯಿತು. ನಾನು ಕೈಮುಗಿದು ಕುಳಿತಿದ್ದು ಬಾರದ ಭೋಂಗಾಕ್ಕೆ.

ಇದನ್ನಾದರೂ ನಾನು ನಂಬಿದೆನೇ? ಇಲ್ಲ. ಗೆಳೆಯರು ಹೇಳಿದರೆಂಬ ಕಾರಣಕ್ಕೆ ನಂಬಿದರೆ ನನಗೂ ಚಹಾದಂಗಡಿಗೂ ಏನು ವ್ಯತ್ಯಾಸ?

ಬಸಣ್ಣ ಡಬ್ಬಿ ತೆರೆದು, ಕ್ಲಾರಿನೆಟ್ಟಿನ ಬಾಯಿಯ ಕೆಳಗಿನ ಮರದ ತುಂಡು ತೋರಿಸಿದ. ಭೋಂಗಾದ ಎತ್ತರಕ್ಕೆ ಏರಿಸಲೆಂದು ಅದನ್ನು ಎರಡು ನೂಲು, ಅಂದರೆ ಕಾಲು ಇಂಚು, ಗಿಡ್ಡ ಮಾಡಿಸಿದ್ದನಂತೆ.

“ಹೋದ ವರ್ಷ ಉಜ್ಜಿರಬಹುದಲ್ಲ ನೀನು?” ಎಂದೆ.

“ಇವನ ಬಾಯಿಗೆ ಎರಡು ಗುಂಡಿ ಹಚ್ಚಬೇಕ್ರಿ, ಟೀಚರ.”

ಅದೇ ಆ್ಯಪನ್ನು ನನ್ನ ಮೊಬೈಲಿಗೂ ಹಾಕಿಸಿಕೊಂಡಿದ್ದೆ. ಕಿವಿಯ ಯಂತ್ರ ತೆಗೆದಿಟ್ಟು ಊದು ಎಂದೆ. ಬಸಣ್ಣ ಊದಿದ. ಮುಳ್ಳು ಬಲಕ್ಕೆ ವಾಲಿ ನಿಂತ ಗೆರೆಯನ್ನು ಗುರುತು ಹಾಕಿಕೊಂಡೆ. ಮೂವರೂ ಶೆಡ್ಡಿಗೆ ನಡೆದೆವು. ಶರಣಮ್ಮ ಪೇಟಿಯಲ್ಲಿ ಅದೇ ಸ್ವರ ಒತ್ತಿದರು. ಮುಳ್ಳು ಅದೇ ಗೆರೆಯ ಮೇಲೆ ಬಂದು ನಿಂತಿತು.

“ಪೇಟಿಗೂ ಕಿವಿ ಹೋಗ್ಯಾವೇನೋ?” ಎಂದರು ಶರಣಮ್ಮ.

ಅದೂ ಸಾಲದು. ಪೇಟಿ ಹಳೆಯದು, ಸ್ವರ ಹುಟ್ಟಿಸುವ ಹಿತ್ತಾಳೆಯ ರೀಡುಗಳು ಕೆಟ್ಟಿವೆ ಎಂದು ನಾಳೆ ಯಾರಾದರೂ ಅಂದಾರು. (ರೀಡು ಹಳತಾದರೆ ಸಾಮಾನ್ಯವಾಗಿ ಸ್ವರ ಇಳಿಯುತ್ತದೆ, ಅದೂ ಒಂದೊಂದು ಒಂದೊಂದು ಬಗೆ. ಎಲ್ಲವೂ ಒಂದೇ ಅಳತೆಗೆ ಏರಿ ಕೂಡುವುದಿಲ್ಲ. ಬೆಂಚಿನ ಮೇಲೆ ಕಲಿತದ್ದು.) ಅಥವಾ ಬಸಣ್ಣನ ಮೇಲಿನ ಮಮತೆಯಿಂದ ಪೇಟಿಯನ್ನೂ ಈಚೆಗೆ ಏರಿಸಿದರು ಎಂದಾರು. ಸ್ಕ್ರೂಡ್ರೈವರ್ ತೆಗೆದು ಪೇಟಿಯ ಹಲಗೆ ಬಿಚ್ಚಿದೆ. ಶರಣಮ್ಮ ದೀಪ ಹಿಡಿದರು. ಬಸಣ್ಣ ದೂರ ನಿಂತ. ಕ್ಲಾರಿನೆಟ್ ಅವನ ಕಂಕುಳಲ್ಲಿತ್ತು.

ಹಲಗೆಯ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಅಕ್ಷರ ನೋಡಿದ ಕೂಡಲೇ ಗುರುತಾಯಿತು: ನಮ್ಮ ಸುರಪುರದ ಪೇಟಿ ರಿಪೇರಿಯವರದು. ನನ್ನ ಪಿಟೀಲಿನ ಒಳಗೂ ಅದೇ ಕೈಬರಹವಿದೆ. ಅವರನ್ನು ಮಣ್ಣು ಮಾಡಿ ಬಂದವರಲ್ಲಿ ನಾನೂ ಒಬ್ಬ. ಬಸಣ್ಣನ ಕಿವಿಗೆ ಯಂತ್ರ ಬಂದದ್ದು ಅದಾಗಿ ಬಹಳ ವರ್ಷಗಳ ಮೇಲೆ. ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ.

“ಎಲ್ಲ ರೀಡು ತುದಿ ಉಜ್ಜಿದೆ. ಶಹಾಪುರ ಗಿರಣಿ ಭೋಂಗಾಕ್ಕೆ ಸರಿ. ಕಪ್ಪು ಒಂದಕ್ಕಿಂತ ಮೇಲೆ, ಬಿಳಿ ಎರಡಕ್ಕಿಂತ ಕೆಳಗೆ. ತಗ್ಗಿಸಬಾರದು.”

(ತುದಿ ಉಜ್ಜಿದರೆ ಸ್ವರ ಏರುತ್ತದೆ; ಕಪ್ಪು ಒಂದು, ಬಿಳಿ ಎರಡು ಪೇಟಿಯ ಪಕ್ಕಪಕ್ಕದ ಮನೆಗಳು, ನಮ್ಮ ಶ್ರುತಿ ಅವುಗಳ ನಡುವೆ.) ಬಸಣ್ಣ ಜೇಬಿನಲ್ಲಿದ್ದ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡ. “ಕಡೀದು ಇನ್ನೊಮ್ಮಿ ಓದು.”

“ತಗ್ಗಿಸಬಾರದು.”

ಅವನು ತನ್ನ ಕುರ್ಚಿ ಎಳೆದುಕೊಂಡು ಕುಳಿತ. “ಹಂಗಾದ್ರ ಯಾಕ ನಿಂತೀರಿ? ಹಚ್ಚರಿ.”

ಓದುಗರೇ, ನನ್ನ ತಕರಾರು ಆ್ಯಪಿನ ಮೇಲಲ್ಲ. ಅದು ಅಳೆದದ್ದು ಸರಿ. ಅಳತೆಗೆ ಕಾರಣ ಹುಡುಕುವ ಬದಲು ಮುದುಕನ ಕಿವಿಯತ್ತ ನೋಡಿದ ಕಣ್ಣಿನ ಮೇಲೆ ನನ್ನ ತಕರಾರು. ಅದಕ್ಕಿಂತ ಹೆಚ್ಚಾಗಿ ಆ ಕರುಣೆಯ ಕಥೆಯ ಮೇಲೆ. ‘ನೀನು ತಪ್ಪಿದೆ’ ಎಂದಿದ್ದರೆ ಬಸಣ್ಣ ಜಗಳವಾಡುತ್ತಿದ್ದ. ‘ನೀನು ತಪ್ಪಿದರೂ ನಾವು ಕ್ಷಮಿಸಿದ್ದೇವೆ’ ಎಂದಾಗ ಏನು ಮಾಡಬೇಕಿತ್ತು? ಜೀವಮಾನವಿಡೀ ಹಗಲು ಬಟ್ಟೆ ಹೊಲಿದು ಸಂಜೆ ಕ್ಲಾರಿನೆಟ್ ಊದಿದವನು, ಒಂದು ಕಥೆಯ ಚೆಂದಕ್ಕಾಗಿ ವಾದ್ಯವನ್ನು ಬಟ್ಟೆಯ ಚೂರುಗಳ ಕೆಳಗಿಟ್ಟ. ವಯಸ್ಸಾದವರ ಕೈಯಿಂದ ವಾದ್ಯ ಕಸಿಯಲು ಶಾಲಿನಷ್ಟು ಮೆತ್ತನೆಯ ಆಯುಧ ಬೇರೆ ಇದೆಯೇ?

ಸಂಚಾಲಕರಿಗೆ ಪತ್ರ ಬರೆದಿದ್ದೇವೆ. ಹನ್ನೊಂದು ಜನರ ಸಹಿ ಇದೆ, ಮೊದಲನೆಯದು ಬಸಣ್ಣನದು. ಬಂದರೆ ಹನ್ನೊಂದೂ ಜನ ಬರುತ್ತೇವೆ. ಶಾಲು ಬೇಡ, ಹನ್ನೊಂದು ಕುರ್ಚಿ ಸಾಕು. ಶ್ರುತಿ ಇಳಿಸುವುದಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಏರಿಸುವ ಗುಂಡಿಯೊಂದು ಇರುತ್ತದೆ. ಅದನ್ನು ಒತ್ತಿದರೆ ಅದೇ ನಮ್ಮ ಹತ್ತಿರ ಬರುತ್ತದೆ.

ಉತ್ತರ ಬಂದಿಲ್ಲ. ಬರದಿದ್ದರೂ ಭಾನುವಾರ ಬರುತ್ತದೆ, ಐದು ಗಂಟೆಯೂ ಆಗುತ್ತದೆ.

ನನ್ನ ಮಾತನ್ನೂ ನಂಬಬೇಡಿ. ಕಾಗದ ಪೇಟಿಯ ಹಲಗೆಯ ಒಳಗೆ ಇದ್ದಲ್ಲೇ ಇದೆ, ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿದೆ. ಬಂದು ನೀವೇ ಬಿಚ್ಚಿ ಓದಿ.