ಪೋಸ್ಟರುಗಳಿಗೆ ಜವಾಬು ಬರೆದ ಜಗದೇವಕ್ಕ

ಜಗದೇವಕ್ಕನ ಬಲಗೈಯ ಎರಡು ಬೆರಳು ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿದ್ದವು. ಪೋಲಿಯೊ ಹನಿ ಹಾಕಿದ ಮೇಲೆ ಮಕ್ಕಳ ಕಿರುಬೆರಳಿಗೆ ಗುರುತು ಹಚ್ಚುತ್ತಾರಲ್ಲ, ಆ ಮಾರ್ಕರಿನ ಬಣ್ಣ ಅದು. ಪೋಲಿಯೊ ಹನಿ ಹಾಕುವುದು ಅಪರೂಪಕ್ಕೆ. ಉಳಿದ ದಿನಗಳಲ್ಲಿ ಆ ಬಣ್ಣ ಎಲ್ಲಿಂದ ಬರುತ್ತಿತ್ತೆಂಬುದು ಆಳಂದದ ಬಸ್ ನಿಲ್ದಾಣದಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದ ನಮ್ಮಂಥ ಇಪ್ಪತ್ತು ಮೂವತ್ತು ಜನಕ್ಕೆ ಮಾತ್ರ ಗೊತ್ತಿತ್ತು.

ಅವರು ನರೋಣಾದ ದವಾಖಾನೆಯಲ್ಲಿ ನರ್ಸು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಇಬ್ಬರ ಮನೆಯೂ ಆಳಂದದಲ್ಲಿ, ಇಬ್ಬರಿಗೂ ಎಂಟೂವರೆಯ ಬಸ್ಸೇ ಗತಿ. ಆ ಬಸ್ಸು ಎಂಟೂವರೆಗೆ ಬಂದದ್ದನ್ನು ನಾನು ಕಂಡಿಲ್ಲ. ಬೆಂಚುಗಳ ಹಿಂದಿನ ಗೋಡೆಯ ತುಂಬ ಪೋಸ್ಟರುಗಳು. ಜಗದೇವಕ್ಕ ಒಂದೊಂದನ್ನೂ ಮೊದಲ ಸಾಲಿನಿಂದ ಹಿಡಿದು ಕೆಳಗೆ ಸಣ್ಣಕ್ಷರದಲ್ಲಿರುವ ಪ್ರೆಸ್ಸಿನ ಹೆಸರಿನ ತನಕ ಓದುತ್ತಿದ್ದರು. ಆಮೇಲೆ ಬ್ಯಾಗಿನಿಂದ ಮಾರ್ಕರ್ ತೆಗೆದು ಅಡಿಯಲ್ಲಿ ಜವಾಬು ಬರೆಯುತ್ತಿದ್ದರು.

ನಾನು ಕಂಡ ಮೊದಲ ಜವಾಬು ತಲೆಗೆ ಹಚ್ಚುವ ಎಣ್ಣೆಯದು. ‘ಮೂವತ್ತೇ ದಿನಗಳಲ್ಲಿ ದಟ್ಟ ಕೂದಲು’ ಎಂದು ಅಚ್ಚಾಗಿತ್ತು. ಅದರ ಕೆಳಗೆ ದುಂಡನೆಯ ನೇರಳೆ ಅಕ್ಷರಗಳಲ್ಲಿ, ‘ನಮ್ಮ ಮನಿಯವರು ಮೂರು ಬಾಟ್ಲಿ ಹಚ್ಚ್ಯಾರ. ದಿಂಬಿನ ಮ್ಯಾಲ ಕೂದಲ ಬರಾಕತ್ತಾವ.’ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಲ್ಲೇ ನಿಂತು ಮಾರ್ಕರಿಗೆ ಮುಚ್ಚಳ ಹಾಕುತ್ತಿದ್ದ ಹೆಂಗಸು, “ನಗಬ್ಯಾಡ್ರಿ ಮಾಸ್ತರ್ರ, ಖರೇನ ಅದ. ನಾಳಿ ದಿಂಬ ತಂದು ತೋರಸ್ಲೇನ್ರಿ?” ಎಂದರು. ನಮ್ಮ ಪರಿಚಯವಾದದ್ದು ಹೀಗೆ.

ಒಂದು ಸಲ ವಶೀಕರಣದ ಜ್ಯೋತಿಷಿಯೊಬ್ಬನ ಪೋಸ್ಟರ್ ಬಂತು. ‘ಎಂಥವರನ್ನೂ ಒಂದೇ ದಿನದಲ್ಲಿ ವಶ ಮಾಡಿಕೊಡಲಾಗುವುದು.’ ಜಗದೇವಕ್ಕ ಬರೆದರು: ‘ಮೊದಲ ನರೋಣಾ ಬಸ್ ವಶ ಮಾಡಿ ತೋರಸ್ರಿ.’ ಎರಡು ದಿನ ಬಿಟ್ಟು ಅದರ ಕೆಳಗೆ ಯಾರೋ ನೀಲಿ ಪೆನ್ನಿನಲ್ಲಿ, ‘ಬಸ್ ಬ್ಯಾಡ, ಕಂಡಕ್ಟರ್ ವಶ ಆದ್ರ ಸಾಕು’ ಎಂದು ಸೇರಿಸಿದ್ದರು. ಮರುದಿನ ಇನ್ನೊಂದು ಸಾಲು: ‘ನಾ ಯಾರಿಗೂ ವಶ ಆಗಾಂವಲ್ಲ. ಇಂತಿ ಕಂಡಕ್ಟರ್.’ ನಮ್ಮ ಕಂಡಕ್ಟರ್ ಸಾಯಬಣ್ಣನನ್ನು ಬಸ್ಸಿನವರೆಲ್ಲ ಪೀಡಿಸಿದರು. ಅವನು ಒಪ್ಪಿಕೊಳ್ಳಲಿಲ್ಲ. ಟಿಕೆಟ್ ಮಷಿನ್ ಒತ್ತುತ್ತ ಕಿಟಕಿಯಾಚೆ ನೋಡಿದ.

ಅಕ್ಕನಿಗೆ ತಮ್ಮದೇ ಕಟ್ಟುಪಾಡುಗಳಿದ್ದವು. ಸತ್ತವರ ಫೋಟೊ ಇದ್ದ ಪೋಸ್ಟರ್ ಮುಟ್ಟುತ್ತಿರಲಿಲ್ಲ, ದೇವರದನ್ನೂ ಮುಟ್ಟುತ್ತಿರಲಿಲ್ಲ. ಯಾರ ಮುಖಕ್ಕೂ ಮೀಸೆ ಬರೆಯುತ್ತಿರಲಿಲ್ಲ. “ಗ್ವಾಡಿ ಮ್ಯಾಲ ನಿಂತು ಪಾಪ ಇಷ್ಟು ದೊಡ್ಡ ದನಿಲೆ ಮಾತಾಡಾಕತ್ತಾರ. ನಾವು ಹ್ಞೂಂ ಅನ್ನದ ಹೋದ್ರ ಮರ್ಯಾದಿ ಅಲ್ಲ” ಎಂಬುದು ಅವರ ವಾದ.

ಒಂದು ಬೆಳಿಗ್ಗೆ ಹೊಸದೊಂದು ಹಳದಿ ಪೋಸ್ಟರ್ ಅಂಟಿತ್ತು. ‘ಸಕ್ಕರೆ ಕಾಯಿಲೆ ಬುಡಸಮೇತ ಗುಣ. ನಮ್ಮ ಪುಡಿ ಸೇವಿಸಿ, ಇಂದೇ ಮಾತ್ರೆ ಬಿಡಿ.’ ಜಗದೇವಕ್ಕ ಅದನ್ನು ಎರಡು ಸಲ ಓದಿದರು. ಬ್ಯಾಗಿಗೆ ಕೈ ಹಾಕಲಿಲ್ಲ. ಬಸ್ಸಿನಲ್ಲಿ ತಾವೇ ಕಾರಣ ಹೇಳಿದರು. ನರೋಣಾದ ಶಿವರಾಯ ಕಾಕಾ ಗಾಣಗಾಪುರಕ್ಕೆ ದರ್ಶನಕ್ಕೆ ಹೋದಾಗ ಇದೇ ಪೋಸ್ಟರ್ ಓದಿ, ಪುಡಿ ತಂದು, ಗುಳಿಗೆ ನಿಲ್ಲಿಸಿದ್ದರಂತೆ. ಕಾಲಿನ ಗಾಯ ಮಾಯಲಿಲ್ಲ. ಕಲಬುರಗಿಯಲ್ಲಿ ಎರಡು ಬೆರಳು ತೆಗೆದಿದ್ದರು.

“ನಾ ಎಷ್ಟ ಸಲ ಹೇಳಿದ್ದೆ ಮಾಸ್ತರ್ರ, ಗುಳಿಗಿ ಬಿಡಬ್ಯಾಡ ಕಾಕಾ ಅಂತ. ‘ಅಚ್ಚ ಹಾಕಿ ಹಚ್ಚ್ಯಾರ, ಸುಳ್ಳ ಇರ್ತದೇನವ್ವಾ’ ಅಂತ ನನಗೇ ಕೇಳ್ದ.”

ಮರುದಿನ ಬರೆದರು: ‘ಗುಳಿಗಿ ಬಿಡಬ್ಯಾಡ್ರಿ. ಬಿಟ್ಟವರ ಕಾಲಿನ ಗಾಯ ನಾ ತೊಳದೇನಿ. ಜಗದೇವಿ, ನರ್ಸು, ನರೋಣಾ.’ ಅವರು ಹೆಸರು ಹಾಕಿದ್ದು ಅದೇ ಮೊದಲು. ನಾನು ಹೆದರಿ, “ಸರ್ಕಾರಿ ನೌಕರಿ ಅಕ್ಕೋರ, ಹೆಸರ ಯಾಕ ಹಾಕಿದ್ರಿ?” ಎಂದೆ.

“ಹೆಸರ ಇಲ್ಲದ ಮಾತು ನಗಾಕ ಛಲೋ. ಇದಕ್ಕ ಹೆಸರ ಬೇಕು.”

ಆ ಭಾನುವಾರ ಅಫಜಲಪುರ, ಗಾಣಗಾಪುರ ಎರಡೂ ಕಡೆ ಬಸ್ಸಿನಲ್ಲಿ ಹೋಗಿ, ಕಂಡ ಹಳದಿ ಪೋಸ್ಟರಿಗೆಲ್ಲ ಇದನ್ನೇ ಬರೆದು ಬಂದರು. ಸೋಮವಾರ ನೋಡಿದರೆ ಅಂಗೈಯೂ ನೇರಳೆ.

ಎಂಟು ದಿನದಲ್ಲಿ ಆ ಪುಡಿಯ ಏಜೆಂಟ್ ಆಳಂದಕ್ಕೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಫೋನು, ಜೊತೆಗೆ ನಿಲ್ದಾಣದ ಕಂಟ್ರೋಲರ್ ಸಾಹೇಬರು.

“ಜಗದೇವಿ ಯಾರ್ರಿ ಇಲ್ಲಿ?”

“ನಾನೇ ಅದೇನಿ.”

“ನಮ್ಮ ಪೋಸ್ಟರೆಲ್ಲ ಹಾಳ ಮಾಡೀರಿ. ಮ್ಯಾಲಿನವರಿಗೆ ಅರ್ಜಿ ಕೊಡ್ತೇನಿ. ನೌಕರಿ ಹೋಗ್ತದ ನಿಮ್ದು.”

ಅಕ್ಕನ ಮುಖ ಬಿಳಿಚಿತು. ಮನೆ ನಡೆಯುತ್ತಿದ್ದದ್ದು ಅವರ ನೌಕರಿಯ ಮೇಲೆ ಎಂಬುದು ನನಗೆ ಗೊತ್ತಿತ್ತು. ಆದರೂ ದನಿ ಏರಿಸಲಿಲ್ಲ. “ಕೊಡು ತಮ್ಮಾ. ಅದಕ್ಕೂ ಮೊದಲ ಒಂದು ಮಾತು. ನಿಮ್ಮ ಮನ್ಯಾಗ ಯಾರಿಗರೆ ಸಕ್ಕರಿ ಬ್ಯಾನಿ ಅದೇನು?”

“ಅವ್ವಗ ಅದ. ಯಾಕ?”

“ಈ ಪುಡಿ ತಗೊಂತಾಳೇನು?”

ಏಜೆಂಟ್ ಪೋಸ್ಟರ್ ನೋಡಿದ, ಸುತ್ತ ನಿಂತ ನಮ್ಮನ್ನು ನೋಡಿದ. “ಇಲ್ರಿ” ಎಂದ ಮೆಲ್ಲಗೆ. “ಆಕಿ ಗುಳಿಗಿ ತಗೊಂತಾಳ.”

“ಅಕ್ಕೋರ, ಇದನ್ನೂ ಅದರ ಕೆಳಗ ಬರಿಲೇನ್ರಿ?” ಎಂದ ಸಾಯಬಣ್ಣ. ಇಡೀ ನಿಲ್ದಾಣ ನಕ್ಕಿತು. ಜಗದೇವಕ್ಕ ನಗಲಿಲ್ಲ. “ಅವ್ವನ ಗುಳಿಗಿ ತಪ್ಪಸಬ್ಯಾಡಪಾ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅರ್ಜಿ ಬರಲೇ ಇಲ್ಲ. ಪರವಾನಗಿಯಿಲ್ಲದೆ ಅಂಟಿಸಿದ್ದೆಂದು ಕಂಟ್ರೋಲರ್ ಆ ಹಳದಿ ಕಾಗದಗಳನ್ನು ಕೀಳಿಸಿದರು. ತಮ್ಮ ಕರ್ತವ್ಯಕ್ಕೂ ಕೊರತೆಯಾಗಬಾರದೆಂದು ‘ಗೋಡೆಯ ಮೇಲೆ ಯಾರೂ ಏನನ್ನೂ ಬರೆಯಬಾರದು’ ಎಂಬ ನೋಟಿಸನ್ನೂ ಹಚ್ಚಿಸಿದರು. ಮರುದಿನ ಅದರ ಕೆಳಗೆ ನೇರಳೆ ಅಕ್ಷರದಲ್ಲಿ ಒಂದೇ ಮಾತಿತ್ತು: ‘ಆಗ್ಲಿರಿ.’

ಮುಂದಿನ ವರ್ಷ ಅವರಿಗೆ ಜೇವರ್ಗಿ ಕಡೆಗೆ ವರ್ಗವಾಯಿತು. ಕೊನೆಯ ಸಲ ಕಂಡದ್ದು ನಾನು ಪರೀಕ್ಷೆಯ ಕೆಲಸಕ್ಕೆ ಅಲ್ಲಿಗೆ ಹೋದಾಗ. ಜೇವರ್ಗಿಯ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇನ್ನೂ ಆಗಿರಲಿಲ್ಲ.

“ಗ್ವಾಡಿ ಮ್ಯಾಲಿಂದು ಬರೇ ಬಣ್ಣ ಕಾಣ್ತದ್ರಿ ಮಾಸ್ತರ್ರ. ಏನ ಅಂತಾರ, ಒಂದೀಟು ಓದ್ರಿ.”

ನಾನು ಎದ್ದು ನಿಂತು ಒಂದೊಂದಾಗಿ ಓದಿದೆ. ಟ್ಯೂಷನ್ನಿನದು, ಬೋರ್‌ವೆಲ್ಲಿನದು, ‘ಅತ್ತೆಯೂ ಮೆಚ್ಚುವ ಹಪ್ಪಳ’. ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಹಪ್ಪಳದ್ದು ಕೇಳಿ ಅಕ್ಕ ಕಣ್ಣು ಮುಚ್ಚಿ ಯೋಚಿಸಿದರು. “‘ಹಪ್ಪಳ ಆತು. ಸೊಸಿನ್ನ ಮೆಚ್ಚೂ ಅತ್ತಿ ಎಲ್ಲಿ ಸಿಗ್ತಾಳ?’ ಹೆಂಗದ?” ನಾನು ನಕ್ಕೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಮಾರ್ಕರನ್ನು ನನ್ನ ಕೈಗಿತ್ತು, ಕಂಬಿ ಹಿಡಿದು ಹತ್ತಿ, ಕಿಟಕಿಯಿಂದ, “ಬರಿರಿ ಮತ್ತ, ಛಲೋ ಆಗ್ಯದ” ಎಂದು ಕೂಗಿದರು.

ನಾನು ಬರೆಯಲಿಲ್ಲ. ಎದೆಯ ಮೇಲೆ ಪರೀಕ್ಷೆಯ ಬ್ಯಾಡ್ಜ್ ಇತ್ತು, ಸುತ್ತ ಜನರಿದ್ದರು.

ಆ ಮಳೆಗಾಲದಲ್ಲಿ ಜಗದೇವಕ್ಕ ಹೃದಯಾಘಾತದಿಂದ ತೀರಿಕೊಂಡರು. ಸಾಯಬಣ್ಣ ಫೋನು ಮಾಡಿ ಹೇಳುವ ಹೊತ್ತಿಗೆ ಮೂರು ದಿನ ಕಳೆದಿತ್ತು.

ಮೊನ್ನೆ ಮತ್ತೆ ಜೇವರ್ಗಿಗೆ ಹೋಗಿದ್ದೆ. ಹಪ್ಪಳದ ಪೋಸ್ಟರಿನ ಜಾಗದಲ್ಲಿ ಗಾದಿ ಅಂಗಡಿಯವರದು ಬಂದಿದೆ: ‘ಮಲಗಿದರೆ ಸ್ವರ್ಗ’. ಇದಕ್ಕೆ ಅಕ್ಕ ಏನು ಬರೆಯುತ್ತಿದ್ದರೆಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ನಾಲ್ಕೈದು ಜವಾಬು ಹೊಳೆದವು. ಯಾವುದಕ್ಕೂ ನಗು ಬರಲಿಲ್ಲ.