ಅಲುಗದೆ ನಿಲ್ಲುತ್ತಿದ್ದ ಮುನಿರತ್ನಕ್ಕ

ರೈಲು ಜಗ್ಗಿದ ಏಟಿಗೆ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಮುನಿರತ್ನಕ್ಕ ಮಾತ್ರ ಏನೂ ಹಿಡಿದುಕೊಳ್ಳದೆ ನಿಂತೇ ಇದ್ದಳು. ಮೂಗಿನ ಮೇಲೆ ನೊಣ ಕೂತಿತ್ತು. ಅದನ್ನೂ ಓಡಿಸಲಿಲ್ಲ.

"ಏನಕ್ಕ, ಕಲ್ಲಾಗ್ಬಿಟ್ಯಾ?" ಅಂದೆ.

"ಇದೇ ಕಣೋ ನನ್ ಡ್ಯೂಟಿ."

ಲಕ್ಕೂರಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ಗಂಡ ಇಲ್ಲ, ಒಬ್ಬಳೇ ಮಗಳು. ದಿನಾ ಮಾಲೂರಿನಿಂದ ಬೆಂಗಳೂರಿಗೆ ನಾನು ಗಾರೆ ಕೆಲಸಕ್ಕೆ, ಅವಳು ಆಫೀಸು ಗುಡಿಸುವ ಕೆಲಸಕ್ಕೆ. ಊರಿಗೆ ಗೊತ್ತಿದ್ದದ್ದು ಅಷ್ಟು. ಒಂದು ಚಿತ್ರಕಲೆ ಕಾಲೇಜಿನ ಕಾಂಪೌಂಡಿಗೆ ನಾನು ಪ್ಲಾಸ್ಟರಿಂಗ್ ಮಾಡುವಾಗ ಸಿಕ್ಕಿಬಿದ್ದಳು. ಅಲ್ಲಿ ಅವಳು ಬಟ್ಟೆ ಇಲ್ಲದೆ ನಿಲ್ಲುತ್ತಿದ್ದಳು. ಹುಡುಗರು ನೋಡಿಕೊಂಡು ಚಿತ್ರ ಬರೆಯುತ್ತಿದ್ದರು.

"ನಾಚ್ಕೆ ಆಗಲ್ವಾ?" ಕೇಳೇಬಿಟ್ಟೆ.

"ಮೊದ್ಲು ಆಗ್ತಿತ್ತು. ಈಗ ಬರೀ ಚಳಿ. ಫ್ಯಾನ್ ಆಫ್ ಮಾಡ್ರಪ್ಪಾ ಅಂತೀನಿ."

ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಮರಗಳ ಕೆಳಗೆ, ನೀರಿನ ಪಕ್ಕ, ಸ್ನಾನಕ್ಕೆ ಬಂದ ಬೆತ್ತಲೆ ಹೆಂಗಸರು. ಮೈಯೆಲ್ಲ ನೀಲಿ, ಹಸಿರು. ಕಣ್ಣು ಮೂಗು ನೆಟ್ಟಗಿಲ್ಲ.

"ಹಳೇದಂತೆ, ಫಾರಿನ್‌ದು. ಮೇಷ್ಟ್ರು ತೋರ್ಸಿದ್ರು. ಯಾರು ಅಂತ ಗೊತ್ತಾಗುತ್ತೇನೋ? ಇಲ್ಲ ಅಲ್ವಾ? ನನ್ನೂ ಹಿಂಗೇ ಬರೀರಿ ಅಂದಿದೀನಿ."

"ಗೊತ್ತಾಗಲ್ಲಕ್ಕ."

ಇದನ್ನೇ ದಿನಾ ಕೇಳುತ್ತಿದ್ದಳು. ಮಗಳಿಗೆ ವೇಮಗಲ್ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾದ ಮೇಲಂತೂ ಸರಿಯಾಗಿ ಊಟವನ್ನೇ ಮಾಡಲಿಲ್ಲ. ರೈಲಿನಲ್ಲಿ ಯಾರು ಫೋನ್ ತೆಗೆದರೂ ಬಗ್ಗಿ ನೋಡುವಳು. "ಮದ್ವೆ ಒಂದ್ ಆಗೋಗ್ಲಿ, ಈ ಕೆಲ್ಸ ಬಿಟ್ಬಿಡ್ತೀನಿ ಕಣೋ."

ಒಂದು ಭಾನುವಾರ ಹುಡುಗನ ಸೋದರಮಾವ ನಮ್ಮೂರ ಟೀ ಅಂಗಡಿಗೆ ಬಂದು ನನ್ನ ಮುಂದೆ ಫೋನ್ ಹಿಡಿದ. ಆ ಕಾಲೇಜಿನ ಯಾರೋ ಬರೆದ ಚಿತ್ರ. ಕೆರೆ, ಹುಣಸೆಮರ, ನಾಲ್ಕು ಬೆತ್ತಲೆ ಹೆಂಗಸರು. ನಾಲ್ವರಿಗೂ ಮುಖ ಇಲ್ಲ. ಆದರೆ ಒಬ್ಬಳ ಎಡತೋಳಿನಲ್ಲಿ ಅಂಗೈಯಗಲ ಸುಟ್ಟ ಕಲೆ. ರೇಷ್ಮೆ ನೂಲು ಬಿಚ್ಚುವಾಗ ಬಿಸಿನೀರು ಬಿದ್ದು ಅಕ್ಕನಿಗೆ ಆದದ್ದು. ಬರೆದವನು ಅದೊಂದನ್ನು ಬಿಟ್ಟಿರಲಿಲ್ಲ.

"ಏಮಪ್ಪಾ, ಪಕ್ಕದ್ ಮನೆಯೋನು ನೀನು. ಇದು ನಮ್ ಹುಡ್ಗೀ ತಾಯಿ ತಾನೇ?"

ಅಲ್ಲ ಅನ್ನಬೇಕಿತ್ತು. ಒಂದು ಮಾತು. ಬಾಯಿಗೆ ಬರಲಿಲ್ಲ. ಟೀ ಲೋಟ ನೋಡುತ್ತಾ ಕೂತೆ. ಅವನು ಫೋನ್ ಜೇಬಿಗೆ ಹಾಕಿಕೊಂಡು ಎದ್ದು ಹೋದ.

ಮಾರನೇ ದಿನ ಮಾಲೂರು ಸ್ಟೇಷನ್ನಿನಲ್ಲಿ ಅಕ್ಕ ನನಗಾಗಿ ಕಾಯುತ್ತಿದ್ದಳು. ಮದುವೆ ಮುರಿದಿತ್ತು.

"ಅವ್ನಿಗೆ ಏನ್ ಹೇಳ್ದೆ ನೀನು?"

"ಏನೂ ಹೇಳ್ಲಿಲ್ಲಕ್ಕ, ದೇವ್ರಾಣೆ."

"ಏನೂ ಹೇಳ್ಲಿಲ್ವಾ?" ನನ್ನ ಮುಖವನ್ನೇ ನೋಡಿದಳು. "ಅಲ್ಲ ಅಂತಾನೂ ಹೇಳ್ಲಿಲ್ವೇನೋ?"

ರೈಲು ಬಂತು. ಅವಳು ಹತ್ತಲಿಲ್ಲ. ಆ ವಾರವೇ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲಿದ್ದಾಳೋ ಗೊತ್ತಿಲ್ಲ. ಇಷ್ಟೇ. ನಾನು ಇನ್ನು ಹೇಳುವುದು ಏನೂ ಇಲ್ಲ.